ಪ್ರಿಂಟ್‌ನಲ್ಲಿ ಎಲ್ಲ ಹಸಿರು, ಸ್ಟೀರಿಂಗ್ ಮಾತ್ರ ಸುಮ್ನಿರಲ್ಲ

ನನ್ನದು ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಮಾರುತಿ ಜೆನ್ ಕಾರು. ಉಡುಪಿಯಿಂದ ಮಂಗಳೂರಿಗೆ ಓಡಾಟ ಇದರಲ್ಲೇ. ಚಕ್ರದ ಕೋನ ಚೂರು ಹೆಚ್ಚುಕಮ್ಮಿಯಾದರೂ ಇಂಥ ಕಾರಿನಲ್ಲಿ ಕೈಗೆ ಗೊತ್ತಾಗಿಬಿಡುತ್ತದೆ. ಹೊಸ ಟೈರ್ ಹಾಕಿಸಿ, ಚಕ್ರಗಳ ಕೋನ ಸರಿಮಾಡುವ ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಪಡುಬಿದ್ರಿ ಕಡೆಯ ನೇರ ರಸ್ತೆಯಲ್ಲಿ 80ರ ವೇಗಕ್ಕೆ ಬಂದರೆ ಸಾಕು, ಕಾರು ಒಂದು ಗೆರೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದೇ ಕಡೆಗೆ ಎಳೆಯುವುದೂ ಅಲ್ಲ. ಅತ್ತ ಸ್ವಲ್ಪ, ಇತ್ತ ಸ್ವಲ್ಪ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಅಲೆದಾಟ ಇನ್ನೂ ಜಾಸ್ತಿ. ವಾಪಸ್ ಹೋಗಿ ಕೇಳಿದರೆ ಅಲ್ಲಿಯ ಹುಡುಗ ಮೆಷಿನ್ ಕೊಟ್ಟ ಅಳತೆಗಳ ಪ್ರಿಂಟ್ ಮುಂದೆ ಹಿಡಿದ. "ಎಲ್ಲ ಗ್ರೀನ್ ಉಂಟಲ್ಲ ಮಾರಾಯ್ರೆ, ಇನ್ನೆಂತ ಮಾಡುದು?"

ಅವನು ಹೇಳಿದ್ದು ಸುಳ್ಳಲ್ಲ. ಹಸಿರು ಅಂದರೆ ಕಂಪನಿ ಹೇಳಿದ ಮಿತಿಯೊಳಗೆ ಇದೆ ಅಂತ, ಅಷ್ಟೇ. ಆ ಮಿತಿಯ ಈ ತುದಿಯಲ್ಲಿ ಸ್ಟೀರಿಂಗ್ ಒಂದು ಥರ, ಆ ತುದಿಯಲ್ಲಿ ಇನ್ನೊಂದು ಥರ. ನನ್ನ ಪ್ರಿಂಟ್‌ನಲ್ಲಿ ಮುಂದಿನ ಚಕ್ರಗಳ ಟೋ (ಮೂತಿ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಅನ್ನುವ ಅಳತೆ) ಮೈನಸ್ ಇತ್ತು, ಹಸಿರಿನ ಅಂಚಿನಲ್ಲಿ. ಅಂದರೆ ಟೋ ಔಟ್: ಮೇಲಿನಿಂದ ನೋಡಿದರೆ ಎರಡೂ ಚಕ್ರಗಳ ಮೂತಿ ಚೂರು ಹೊರಕ್ಕೆ. ಹೀಗಿದ್ದಾಗ ಕಾರು ತಿರುವಿಗೆ ಬೇಗ ಹೊರಳುತ್ತದೆ, ಆದರೆ ನೇರ ರಸ್ತೆಯಲ್ಲಿ ಪ್ರತಿ ಸಣ್ಣ ಉಬ್ಬಿಗೂ ದಾರಿ ಬದಲಿಸಲು ನೋಡುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಚಕ್ರಗಳು ಮುಂದಕ್ಕೆ ಜಗ್ಗಿ ಮೂತಿ ಒಳಕ್ಕೆ ಬರುತ್ತದೆ. ಕಾಲು ತೆಗೆದರೆ ಬುಷ್‌ಗಳ (ಜೋಡಣೆಯಲ್ಲಿರುವ ರಬ್ಬರ್ ತುಂಡುಗಳ) ಸಡಿಲದಷ್ಟು ಮತ್ತೆ ಹೊರಕ್ಕೆ. ನನಗೆ ಕಾಲು ತೆಗೆದಾಗಲೇ ಜಾಸ್ತಿ ಅಲೆದಾಟ ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಟೋ ಮುಟ್ಟುವ ಮೊದಲು ಗಾಳಿ ನೋಡಿದೆ. ಮುಂದಿನ ಎರಡು ಟೈರ್‌ಗಳನ್ನು ಎಡಬಲ ಬದಲಿಸಿದೆ. ಟೈರ್‌ನದೇ ದೋಷವಾದರೆ ಎಳೆತ ಇನ್ನೊಂದು ಬದಿಗೆ ಹೋಗುತ್ತದೆ. ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಅಡ್ಡಕ್ಕೂ ಉದ್ದಕ್ಕೂ ಹಿಡಿದು ಅಲುಗಾಡಿಸಿದೆ. ಸ್ಟೀರಿಂಗ್‌ನ ತಿರುಗನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿ, ಅಂದರೆ ಟೈ ರಾಡ್ ಎಂಡ್, ಮತ್ತು ಚಕ್ರದ ಬಾಲ್ ಜಾಯಿಂಟ್ ಗಟ್ಟಿ ಇದ್ದವು. ಇವುಗಳಲ್ಲಿ ಸಡಿಲ (ಪ್ಲೇ) ಇದ್ದರೆ ಅಲೈನ್‌ಮೆಂಟ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ಅಳತೆಗೆ ಮೆಷಿನ್ ಬೇಕಾಗಲಿಲ್ಲ. ಕೆಂಪುಕಲ್ಲಿನ ಅಂಗಳ ಸಮ ಇಲ್ಲ, ಹಾಗಾಗಿ ಸಿಮೆಂಟ್ ನೆಲದ ಪೋರ್ಟಿಕೋದಲ್ಲಿ ನಿಲ್ಲಿಸಿದೆ. ಚಕ್ರ ಎತ್ತಿ, ಟೈರ್‌ಗೆ ಸೀಮೆಸುಣ್ಣ ಬಳಿದು, ಮೊಳೆ ಒತ್ತಿ ಹಿಡಿದು ತಿರುಗಿಸಿದರೆ ನಡುವೆ ಸಪೂರ ಗೆರೆ ಬೀಳುತ್ತದೆ. ಇಳಿಸಿ, ಕಾರನ್ನು ಕೈಯಲ್ಲೇ ಹಿಂದೆ ಮುಂದೆ ಉರುಳಿಸಿ, ಸ್ಟೀರಿಂಗ್ ನೇರ ಇಟ್ಟೆ. ಟೈರ್‌ಗಳ ಹಿಂಬದಿಯಲ್ಲಿ, ಆಕ್ಸಲ್ ಎತ್ತರದಲ್ಲಿ ಗೆರೆಗೆ ಅಡ್ಡ ಗುರುತು. ಅಲ್ಲಿ ನೇರವಾಗಿ ಟೇಪ್ ಹಿಡಿಯಲು ಇಂಜಿನ್ ಅಡ್ಡ. ಮೇಸ್ತ್ರಿಗಳು ಗೋಡೆಗೆ ಹಿಡಿಯುವ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಚುಕ್ಕೆ ಹಾಕಿದೆ. ಆಮೇಲೆ ಕಾರನ್ನು ಮುಂದಕ್ಕೆ ತಳ್ಳಿ, ಅದೇ ಗುರುತು ಮುಂಬದಿಗೆ ಬಂದಾಗ ಮತ್ತೆ ಚುಕ್ಕೆ. ಒಂದು ಕೂದಲು ಮುಂದೆ ಹೋದರೂ ಹಿಂದಕ್ಕೆ ತಳ್ಳಬಾರದು, ಸಡಿಲವೆಲ್ಲ ತಿರುಗಿಕೊಂಡು ಲೆಕ್ಕ ತಪ್ಪುತ್ತದೆ. ಎಡಬಲದ ಚುಕ್ಕೆಗಳ ನಡುವಿನ ಅಂತರ ಅಳೆದರೆ ಮುಂಬದಿಯದು ಹಿಂಬದಿಯದಕ್ಕಿಂತ 2 ಮಿ.ಮೀ. ಜಾಸ್ತಿ ಬಂತು. ಟೋ ಔಟ್ ಹೌದು.

ಕಷ್ಟ ಇದ್ದದ್ದು ಟೈ ರಾಡ್‌ನ ಲಾಕ್ ನಟ್‌ನಲ್ಲಿ. ಕಡಲ ಕರೆಯ ಕಾರುಗಳದ್ದು ಗೊತ್ತಲ್ವಾ, ಉಪ್ಪು ಗಾಳಿಗೆ ನಟ್ಟು ಬೋಲ್ಟು ಒಂದಾಗಿಬಿಟ್ಟಿರುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಆಯಿಲ್ ಹೊಡೆದು ರಾತ್ರಿಯಿಡೀ ಬಿಟ್ಟ ಮೇಲೇ ಅದು ಮಿಸುಕಿದ್ದು. ನನ್ನ ಕಾರಿನಲ್ಲಿ ಟೈ ರಾಡ್‌ಗಳನ್ನು ಎಡಬಲಕ್ಕೆ ತಳ್ಳುವ ಸ್ಟೀರಿಂಗ್ ರ್ಯಾಕ್ ಆಕ್ಸಲ್‌ನ ಹಿಂದೆ ಇದೆ, ಆದ್ದರಿಂದ ರಾಡ್ ಉದ್ದವಾದರೆ ಟೋ ಇನ್, ಅಂದರೆ ಮೂತಿ ಒಳಕ್ಕೆ. ಎರಡೂ ಬದಿ ಸಮಸಮ ತಿರುಗಿಸಬೇಕು. ಒಂದೇ ಬದಿ ತಿರುಗಿಸಿದರೆ ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟ ಕೂರುತ್ತದೆ. 1 ಮಿ.ಮೀ. ಟೋ ಇನ್‌ಗೆ ನಿಲ್ಲಿಸಿ ಹೆದ್ದಾರಿಗೆ ತಂದೆ. ಕೈ ಸುಮ್ನೆ ಇಟ್ಟರೆ ಸಾಕು, ಕಾರು ನೇರ ಹೋಯಿತು. ಕುತೂಹಲಕ್ಕೆ 4 ಮಿ.ಮೀ. ಮಾಡಿಯೂ ನೋಡಿದೆ. ಸ್ಟೀರಿಂಗ್ ನೇರ ಇದ್ದಾಗ ಮಂಕು, ತಿರುವಿಗೆ ಹೊರಳಲು ಸೋಮಾರಿತನ, ಟೈರ್ ಸವೆತ ಬೇರೆ. ವಾಪಸ್ 1ಕ್ಕೆ ತಂದೆ.

ಆದರೂ ಎಡಕ್ಕೆ ತುಸು ಜಾರುವುದು ಉಳಿಯಿತು. ಹೋಗುವಾಗಲೂ ಎಡ, ಬರುವಾಗಲೂ ಎಡ. ನಮ್ಮ ಮಳೆಗೆ ನೀರು ಹರಿಯಬೇಕಲ್ಲ, ರಸ್ತೆ ಎಡಕ್ಕೆ ಇಳಿಜಾರು ಇರುತ್ತದೆ. ಸಮತಟ್ಟಾದ ಮೈದಾನದಲ್ಲಿ ನೇರ ಹೋದದ್ದರಿಂದ ಅದನ್ನು ಹಾಗೇ ಬಿಟ್ಟೆ. ಅಲ್ಲೂ ಎಳೆದಿದ್ದರೆ ಎಡಬಲದ ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರದ ವಾಲಿಕೆ), ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಪಕ್ಕದಿಂದ ನೋಡಿದರೆ ಹಿಂದಕ್ಕೆ ವಾಲಿರುವುದು) ವ್ಯತ್ಯಾಸ ನೋಡುತ್ತಿದ್ದೆ. ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಕಾರು ಎಳೆಯುತ್ತದೆ.

ನಿಜ ಹೇಳಬೇಕೆಂದರೆ ಸ್ಟೀರಿಂಗ್‌ನ ರುಚಿ ಇರುವುದು ಕ್ಯಾಸ್ಟರ್‌ನಲ್ಲೇ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿದ ಹಾಗೆ ಇದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಬರುವುದು ಮುಖ್ಯವಾಗಿ ಇದರಿಂದ. ಜಾಸ್ತಿ ಇದ್ದರೆ ಭಾರ ಮತ್ತು ಭದ್ರ, ಕಡಿಮೆ ಇದ್ದರೆ ಹಗುರ ಮತ್ತು ಸಡಿಲ. ಆದರೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅದನ್ನು ಸೆಟ್ ಮಾಡಲು ಬರುವುದಿಲ್ಲ. ಒಂದು ಬದಿ ಕಡಿಮೆ ತೋರಿಸಿದರೆ ಅಲ್ಲಿ ಬುಷ್ ಸವೆದಿದೆ, ಇಲ್ಲವೇ ಗುಂಡಿಗೆ ಬಿದ್ದು ಏನೋ ಬಾಗಿದೆ. ಡಿಕ್ಕಿಯಲ್ಲಿ ಅಕ್ಕಿಮುಡಿ, ಹಿಂದೆ ಮೂವರು ಕೂತರೆ ಕಾರಿನ ಹಿಂಭಾಗ ಕುಸಿದು ಕ್ಯಾಸ್ಟರ್ ತಾನಾಗಿ ಏರುತ್ತದೆ. ಒಟ್ಟು ಭಾರದಲ್ಲಿ ಮುಂದಿನ ಚಕ್ರಗಳ ಪಾಲೂ ಇಳಿಯುತ್ತದೆ. ಆಗುಂಬೆ ಘಾಟಿ ಹತ್ತುವಾಗ ಕಾರು ಬೇರೆಯೇ ಅನ್ನಿಸುವುದು ಅದಕ್ಕೇ.

ಎಲ್ಲರೂ ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ಸ್ಟೀರಿಂಗ್ ಆಂಗಲ್ ಸೆನ್ಸರ್ ಇರುವ ಹೊಸ ಕಾರುಗಳಲ್ಲಿ ಕೆಲಸ ಆದ ಮೇಲೆ ಅದನ್ನು ಸ್ಕ್ಯಾನರ್‌ನಲ್ಲಿ ಸರಿಮಾಡಬೇಕಾಗಬಹುದು. ಅಂಗಡಿಗೇ ಕೊಡುವುದಾದರೆ ಮೊದಲಿನ ಪ್ರಿಂಟ್, ಆಮೇಲಿನ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ. "ಹಸಿರಾದರೆ ಸಾಕು" ಅನ್ನಬೇಡಿ. ಟೋ ಎಡಬಲ ಸಮ ಇರಲಿ, ಮಿತಿಯ ಅಂಚಿಗೆ ಬೇಡ, ನಡುವಿಗೆ ತನ್ನಿ ಅಂತ ಹೇಳಿ. ಟೋ ಸೆಟ್ ಮಾಡಲು ಸ್ಟೀರಿಂಗನ್ನು ಅಲುಗದ ಹಾಗೆ ಬಿಗಿಯುವಾಗ ಅದು ನೇರ ಇದೆಯಾ ಅಂತ ಪಕ್ಕದಲ್ಲಿ ನಿಂತು ನೋಡಿ. ಕೆಲ ತಿಂಗಳ ಮೇಲೆ ಟೈರ್ ಮೇಲೆ ಹೊರಗಿನಿಂದ ಒಳಕ್ಕೆ ಅಂಗೈ ಸವರಿ. ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ ಔಟ್, ಒಳಗಿನಿಂದ ಹೊರಕ್ಕೆ ಸವರುವಾಗ ಚುಚ್ಚಿದರೆ ಟೋ ಇನ್ ಜಾಸ್ತಿ.