ಜೀಪಿಗೆ ಬೇರೆ ಎಂಜಿನ್: ಅಳತೆ ಆಕ್ಸಲ್‌ನಿಂದ ಆರಂಭವಾಗಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ದಾರಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಫೋರ್‌ವ್ಹೀಲ್ ಜೀಪುಗಳಿಗೆ ಬೇರೆ ಎಂಜಿನ್ ಕೂರಿಸುವ ಮಾತು ಬಂದಾಗ, ಮಾಲೀಕರು ಮೊದಲು ವಿಚಾರಿಸುವುದು ಅದರ ಶಕ್ತಿಯನ್ನು. ವಿಚಾರಿಸಬೇಕಾದದ್ದು ಜಾಗವನ್ನು: ಮುಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ಪೂರ್ತಿ ಮೇಲೆದ್ದಾಗ ಅದಕ್ಕೂ ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿರುವ ಆಯಿಲ್ ಚೇಂಬರಿಗೂ ನಡುವೆ ಎಷ್ಟು ಅಂತರ ಉಳಿಯುತ್ತದೆ?

ಅದಕ್ಕೂ ಮುನ್ನ ಕಾಗದಪತ್ರದ ಕೆಲಸವಿದೆ. ವಾಹನದ ಮಾರ್ಪಾಡಿನ ನಿಯಮಗಳು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿವೆ. ಕೆಎ-31 ವಾಹನದವರು ಶಿರಸಿಯ, ಕೆಎ-30ರವರು ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅನುಮತಿ ಪಡೆಯುವ ತನಕ ಎಂಜಿನ್ನಿಗೆ ಮುಂಗಡ ಕೊಡದಿರುವುದು ಕ್ಷೇಮ.

ಅಳತೆಗಾಗಿ ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಲೀಫ್ ಸ್ಪ್ರಿಂಗಿನ ಮುಖ್ಯ ಪ್ಲೇಟನ್ನು ಮಾತ್ರ ಉಳಿಸಿ ಉಳಿದವನ್ನು ಬಿಚ್ಚಿ, ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ರಬ್ಬರ್ ಅದುಮುವವರೆಗೆ ಆಕ್ಸಲನ್ನು ಜಾಕಿನಿಂದ ಎತ್ತಬೇಕು. ಎರಡೂ ಬದಿ ಸಮನಾಗಿ ಎತ್ತಿ ಅಳೆದ ಮೇಲೆ ಒಂದೊಂದೇ ಬದಿಯನ್ನು ಎತ್ತಿಯೂ ಅಳೆಯಬೇಕು. ಒಂದು ಚಕ್ರ ಜಂಬಿಟ್ಟಿಗೆಯ ಬಂಡೆಯ ಮೇಲೆ, ಇನ್ನೊಂದು ಕೊರಕಲಿನಲ್ಲಿ ಇರುವಾಗ ಆಕ್ಸಲಿನಲ್ಲಿ ಗೇರುಗಳನ್ನು ಹೊತ್ತ ಉಬ್ಬು ಭಾಗವಾದ ಡಿಫರೆನ್ಷಿಯಲ್ ಹೌಸಿಂಗ್ ಓರೆಯಾಗಿ ಮೇಲೇರುತ್ತದೆ. ಸ್ಪ್ರಿಂಗ್ ಚಪ್ಪಟೆಯಾದಂತೆ ಆಕ್ಸಲ್ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ತೂಗಾಡುವ ಕೊಂಡಿ) ಇರುವ ಕಡೆಗೆ ಸರಿಯುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೌಸಿಂಗಿನ ಮೇಲೆ ಜೇಡಿಮಣ್ಣಿನ ಉಂಡೆ ಅಂಟಿಸಿ ಚೈನ್ ಬ್ಲಾಕಿನಲ್ಲಿ ಎಂಜಿನ್ ಇಳಿಸಿದರೆ, ಅದುಮಿದ ಮಣ್ಣಿನ ದಪ್ಪವೇ ನಿಜವಾದ ಅಂತರವನ್ನು ತೋರಿಸುತ್ತದೆ. ಎಂಜಿನ್ ಕೂರುವ ರಬ್ಬರ್ ಫೌಂಡೇಶನ್ ಮೇಲೆ ಅದು ಓಲಾಡುವುದರಿಂದ ಕನಿಷ್ಠ 25 ಮಿ.ಮೀ. ಉಳಿದಿರಲಿ.

ಸ್ಪ್ರಿಂಗ್ ಎತ್ತರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆ ಗ್ಯಾರೇಜುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದರಿಂದ ನಿಂತ ಗಾಡಿಯ ಅಂತರ ಹೆಚ್ಚುತ್ತದೆಯೇ ಹೊರತು, ಬಂಪ್ ರಬ್ಬರನ್ನು ಕೆಳಗಿಳಿಸದಿದ್ದರೆ ಪೂರ್ತಿ ಅದುಮಿದಾಗಿನ ಅಂತರ ಹಿಂದಿನಷ್ಟೇ ಇರುತ್ತದೆ. ರಬ್ಬರ್ ಇಳಿಸಿದರೆ ಚಕ್ರದ ಮೇಲ್ಚಲನೆ ಕಡಿಮೆಯಾಗುತ್ತದೆ. ಎಂಜಿನ್ನನ್ನೇ ಮೇಲೆತ್ತಿದರೆ ಬಾನೆಟ್ ತಾಗಬಹುದು, ಫ್ಯಾನ್ ರೇಡಿಯೇಟರಿನ ನಡುವಿನಿಂದ ಸರಿಯುತ್ತದೆ, ಗಾಡಿಯ ಭಾರಕೇಂದ್ರವೂ ಏರುತ್ತದೆ. ಹಿಂದಕ್ಕೆ ಸರಿಸುವುದು ಸಾಮಾನ್ಯವಾಗಿ ಮೇಲು, ಆದರೆ ಆಕ್ಸಲುಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟುಗಳ ಉದ್ದ ಬದಲಿಸಬೇಕಾದೀತು. ಚೇಂಬರನ್ನು ಕತ್ತರಿಸಿ ಬೆಸೆಯುವುದಾದರೆ ಎಣ್ಣೆಯ ಪ್ರಮಾಣ ಕುಗ್ಗಬಾರದು. ದೇವಿಮನೆ ಘಾಟಿಯಂಥ ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿದಾಗಲೂ ಅದನ್ನು ಹೀರುವ ಪಿಕಪ್ ಪೈಪ್ ಅದರಲ್ಲಿ ಮುಳುಗಿರಬೇಕು. ಇಲ್ಲದಿದ್ದರೆ ಬೇರಿಂಗುಗಳು ಸುಟ್ಟಾವು.

ಹೊಸ ಎಂಜಿನ್ ಭಾರವಾಗಿದ್ದರೆ ಗಾಡಿಯ ಮೂತಿ ಕುಸಿಯುತ್ತದೆ. ಗೇರ್‌ಬಾಕ್ಸ್ ಸಹಿತ ತೂಕ ನೋಡಿ ಸ್ಪ್ರಿಂಗನ್ನು ಅದಕ್ಕೆ ಹೊಂದಿಸಿದ ಬಳಿಕವೇ ಶಾಫ್ಟಿನ ಕೋನ ನೋಡಬೇಕು. ಆಕ್ಸಲ್ ಪೂರ್ತಿ ಇಳಿದಾಗ ಸ್ಪ್ಲೈನ್ (ಶಾಫ್ಟಿನ ಒಳಹೊರಗೆ ಜಾರುವ ಹಲ್ಲಿನ ಜೋಡಣೆ) ಕಳಚದಂತೆ, ಪೂರ್ತಿ ಏರಿದಾಗ ತಳಮುಟ್ಟದಂತೆ ಶಾಫ್ಟಿನ ಉದ್ದವಿರಬೇಕು.

ಫೌಂಡೇಶನ್ ಬ್ರಾಕೆಟುಗಳಿಗೆ ಮೊದಲು ಚುಕ್ಕಿ ವೆಲ್ಡಿಂಗ್ ಸಾಕು. ಆಕ್ಸಲ್ ಏರಿದಾಗಲೂ ಇಳಿದಾಗಲೂ ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ರಾಡು, ಬ್ರೇಕ್ ಹೋಸ್, ಸೈಲೆನ್ಸರ್ ಪೈಪುಗಳು ಎಲ್ಲೂ ತಾಗದಿದ್ದರೆ ಮಾತ್ರ ಪೂರ್ತಿ ಬೆಸುಗೆ ಹಾಕಿಸಬೇಕು. ಕೆಲವು ದಿನ ಘಟ್ಟ ಹತ್ತಿಳಿದ ಮೇಲೆ ಗಾಡಿಯಡಿ ಇಣುಕಿ, ಚೇಂಬರಿನ ಬಣ್ಣ ಎಲ್ಲಾದರೂ ಉಜ್ಜಿಹೋಗಿದೆಯೇ ಎಂದು ಪರೀಕ್ಷಿಸಬೇಕು.