ತುಂಬು ಬಿಡಿಸುವವರ ನಾಟಕ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿ ನಮ್ಮನ್ನು ಸಾಕಿದ ಅವ್ವನ ಬದುಕನ್ನು ಇದ್ದಂತೆಯೇ ರಂಗಕ್ಕೆ ತಂದರೆ, ನೋಡಿದವರು ‘ಪಾಪ, ಎಷ್ಟು ಕಷ್ಟಪಟ್ಟಾಳ’ ಎಂದು ಮರುಗಿ ಮನೆಗೆ ಹೋಗುತ್ತಾರೆಯೇ ಹೊರತು, ಆ ಕಷ್ಟದ ಹಿಂದಿನ ಲೆಕ್ಕಾಚಾರ ಅವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಒಂದೊಂದು ನೆನಪನ್ನೂ ಬರೆದುಕೊಂಡು, ಇದು ನಮ್ಮ ಮನೆಯೊಂದರದೋ ಓಣಿಯವರೆಲ್ಲರದೋ ಎಂದು ಕೇಳುತ್ತ ಹೋದೆ. ಅಪ್ಪನ ಸಿಟ್ಟು, ಅಜ್ಜಿಯ ಕಾಯಿಲೆ, ನನ್ನ ಓದು ಎಲ್ಲವೂ ಬಿದ್ದುಹೋಗಿ ತೂಕದ ಪ್ರಸಂಗವೊಂದು ಉಳಿಯಿತು.

ಅವ್ವ ದುಡಿದಲ್ಲೆಲ್ಲ ಕೂಲಿ ಸಿಗುತ್ತಿದ್ದದ್ದು ಬಿಡಿಸಿದ ಕಾಯಿಯ ತೂಕದ ಮೇಲೆ. ತೂಗಿದವನು ಬರೆದುಕೊಂಡದ್ದೇ ಲೆಕ್ಕ. ಹೀಗೆ ಮಾಡಿದಷ್ಟಕ್ಕೆ ಕೂಲಿ ಪಡೆಯುವವರಿಗೂ ಕನಿಷ್ಠ ದರ ಗೊತ್ತುಪಡಿಸಲು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿಯೇ ಅವಕಾಶವಿತ್ತು. ಆ ಸಂಗತಿಯನ್ನು ನಾಯಕಿಯ ಭಾಷಣವಾಗಿಸದೆ, ಅಂಗಡಿಯ ಗುಮಾಸ್ತ ತನ್ನ ಸಾವುಕಾರನಿಗೆ ಅಳುಕುತ್ತ ಹೇಳುವ ಮಾತಾಗಿಸಿದೆ. ಕಾನೂನು ಅಂಗಡಿಯವರಿಗೆ ಗೊತ್ತಿರುತ್ತದೆಂಬುದೇ ಅಲ್ಲಿ ಮುಖ್ಯ.

ಅಭಿನಯದ ಸೂಚನೆಗಳನ್ನು ಮಾತ್ರ ಮನೆಯಲ್ಲಿ ಕುಳಿತು ಬರೆಯಲಿಲ್ಲ. ಬ್ಯಾಡಗಿ ಕಾಯಿ ಕಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದೆಂದು ಹೊರಗಿನವರು ಹೇಳುವುದುಂಟು. ದಿನವಿಡೀ ಬಿಡಿಸಿದವರ ಬೆರಳನ್ನು ಕೇಳಬೇಕು. ಕಣ್ಣಲ್ಲಿ ನೀರು ಬಂದರೆ ಅವರು ಕೈ ಎತ್ತುವುದಿಲ್ಲ, ಮುಖವನ್ನೇ ಹೊರಳಿಸಿ ಭುಜದ ಮೇಲಿನ ಸೆರಗಿಗೆ ಒತ್ತುತ್ತಾರೆ. ‘ಕಾಯಿ ಮುಟ್ಟಿದ ಕೈ ಮುಖದ ಹತ್ರ ಬರಂಗಿಲ್ಲ ತಮ್ಮಾ’ ಎಂದು ಒಬ್ಬ ಹಿರಿಯಳು ಮಾಡಿಯೇ ತೋರಿಸಿದಳು. ನಮ್ಮ ನಟಿ ಅಳುವ ದೃಶ್ಯದಲ್ಲಿಯೂ ಹಾಗೆಯೇ ಮಾಡುತ್ತಾಳೆ.

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿಯ ದರ ಕುಸಿದು, ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ ಬಳಿಕ, ಅದನ್ನೇ ನಾಟಕದ ಕೊನೆಯಾಗಿಸು ಎಂದು ಗೆಳೆಯರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ರಂಗದ ಮೇಲೆ ಬೆಂಕಿ ಬಂದರೆ ತಕ್ಕಡಿಯತ್ತ ಯಾರೂ ನೋಡುವುದಿಲ್ಲ. ಅದರ ಬದಲು ವರ್ತಕರು ಟೆಂಡರಿನಲ್ಲಿ ಹಾಕುವ ದರಕ್ಕೆ ಕಾದು ಕುಳಿತ ರೈತನೊಬ್ಬನನ್ನು ತಂದೆ. ತನ್ನ ಮಾಲಿಗೆ ತಾನು ಬೆಲೆ ಕಟ್ಟಲಾರದ ಅವನೂ, ತನ್ನ ದುಡಿಮೆಯ ತೂಕ ನೋಡಲಾರದ ಅವಳೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುವ ದೃಶ್ಯವೇ ಈಗ ನಾಟಕದ ಗಟ್ಟಿ ಭಾಗವೆಂದು ನನ್ನ ಎಣಿಕೆ.

ತೂಕದ ದೃಶ್ಯಕ್ಕೆ ಬ್ರೆಜಿಲ್‌ನ ಆಗಸ್ಟೊ ಬೊವಾಲ್ ರೂಪಿಸಿದ ಫೋರಂ ಥಿಯೇಟರಿನ ಕ್ರಮವನ್ನು ಬಳಸಿದ್ದೇವೆ: ಆಟ ಅಲ್ಲಿಗೆ ನಿಲ್ಲುತ್ತದೆ, ನೋಡುವವರಲ್ಲೊಬ್ಬರು ಎದ್ದುಬಂದು ನಾಯಕಿಯ ಪಾತ್ರ ವಹಿಸುತ್ತಾರೆ. ಓಣಿಯೊಂದರಲ್ಲಿ ಹಾಗೆ ಬಂದ ಹೆಂಗಸು ಜಗಳಕ್ಕೆ ಹೋಗಲಿಲ್ಲ. ‘ಎಲ್ಲಾರ ಚೀಲಾ ಎಲ್ಲಾರ ಮುಂದ ತೂಗ್ರಿ, ನಂದು ಕಡೀಕ ತೂಗ್ರಿ’ ಎಂದಳು. ಸಾವುಕಾರನ ಪಾತ್ರಧಾರಿಗೆ ಉತ್ತರ ಹೊಳೆಯಲಿಲ್ಲ. ಆ ಮಾತು ಹಸ್ತಪ್ರತಿಗೆ ಸೇರಿತು. ಕೆಜಿಗೆ ಎಷ್ಟು ಕೂಲಿ ಎಂಬ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಯಾವ ತಂಡ ಆಡಿದರೂ ಆಯಾ ಊರಿನ ದರವನ್ನು ಕೂಲಿಯವರಿಂದಲೇ ಕೇಳಿ ತುಂಬಿಕೊಳ್ಳಬೇಕು.