ಅಲ್ಟ್ರಾಸಾನಿಕ್ ವೆಲ್ಡ್‌ನ ಬಿಸಿ: ಪೀಣ್ಯದಲ್ಲಿ ನನ್ನ ಲೆಕ್ಕ ಕೂಡಿದ್ದು ಹೀಗೆ

"ಕ್ಯಾಲ್ಕ್ಯುಲಿಕ್ಸ್‌ನಲ್ಲಿ ಇದೆಲ್ಲ ಆಗೋದಲ್ಲ ಬಿಡಿ ಸಾರ್" ಅಂತ ಹೇಳದವರೇ ಇರಲಿಲ್ಲ. ಕ್ಯಾಲ್ಕ್ಯುಲಿಕ್ಸ್ ಅಂದರೆ ಬಿಡಿಭಾಗಗಳ ಒತ್ತಡ, ಕಂಪನ, ಬಿಸಿ ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರ್. ಅದರಲ್ಲಿ ನಾನು ಲೆಕ್ಕ ಹಾಕಲು ಹೊರಟದ್ದು ಅಲ್ಟ್ರಾಸಾನಿಕ್ ವೆಲ್ಡ್‌ನ ಬಿಸಿಯನ್ನು, ಅಂದರೆ ಎರಡು ಹಾಳೆಗಳನ್ನು ಒತ್ತಿ ಹಿಡಿದು, ವೇಗವಾಗಿ ಕಂಪಿಸಿ ಉಜ್ಜಿ, ಕರಗಿಸದೇ ಬೆಸೆಯುವಾಗ ಏಳುವ ಬಿಸಿಯನ್ನು. ಈಗ ಪೀಣ್ಯದ ಎರಡು ಶಾಪ್‌ನವರು ನನ್ನ ಮಾಡೆಲ್ ನೋಡಿಯೇ ಮಷಿನ್ ಸೆಟ್ಟಿಂಗ್ ಇಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಬ್ಯಾಟರಿ ಪ್ಯಾಕ್‌ನದು. ಮೇಲೆ 0.3 ಮಿ.ಮೀ. ಅಲ್ಯೂಮಿನಿಯಂ ಟ್ಯಾಬ್, ಕೆಳಗೆ 1 ಮಿ.ಮೀ. ತಾಮ್ರದ ಬಸ್‌ಬಾರ್ (ಕರೆಂಟ್ ಸಾಗಿಸುವ ಪಟ್ಟಿ). 20 ಕಿಲೋಹರ್ಟ್ಜ್ ಮಷಿನ್, ವೆಲ್ಡ್ ಸಮಯ ಹತ್ತಿರ ಹತ್ತಿರ 0.4 ಸೆಕೆಂಡ್.

ಇಡೀ ವೆಲ್ಡನ್ನು ಎಕ್ಸ್‌ಪ್ಲಿಸಿಟ್‌ನಲ್ಲಿ (ಕಾಲವನ್ನು ಅತಿ ಚಿಕ್ಕ ಸ್ಟೆಪ್‌ಗಳಾಗಿ ಒಡೆದು ಲೆಕ್ಕ ಹಾಕುವ ವಿಧಾನದಲ್ಲಿ) ಓಡಿಸೋಣ ಅಂತ ಎಲ್ಲರಿಗೂ ಮೊದಲು ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. 0.4 ಸೆಕೆಂಡ್ ಅಂದರೆ 8,000 ಸೈಕಲ್. 0.1 ಮಿ.ಮೀ. ಮೆಶ್‌ಗೆ (ಮಾಡೆಲ್ ಅನ್ನು ಅಷ್ಟು ಚಿಕ್ಕ ತುಂಡುಗಳಾಗಿ ಒಡೆದರೆ) ಟೈಮ್ ಸ್ಟೆಪ್ 0.02 ಮೈಕ್ರೋಸೆಕೆಂಡ್ ದಾಟುವುದಿಲ್ಲ. ಒಟ್ಟು ಎರಡು ಕೋಟಿ ಸ್ಟೆಪ್! ಮಾಸ್ ಸ್ಕೇಲಿಂಗ್ ಹಾಕಿದರೆ (ಲೆಕ್ಕದಲ್ಲಿ ತೂಕ ಹೆಚ್ಚಿಸಿ ಸ್ಟೆಪ್ ದೊಡ್ಡದು ಮಾಡಿದರೆ) ಬೇಗ ಮುಗಿಯುತ್ತದೆ, ಆದರೆ 20 ಕಿಲೋಹರ್ಟ್ಜ್‌ನಲ್ಲಿ ತೂಕ ಸುಳ್ಳಾದರೆ ಕಂಪನವೇ ಸುಳ್ಳು. ದೊಡ್ಡ ಸಾಫ್ಟ್‌ವೇರ್‌ನ ಲೈಸೆನ್ಸ್‌ಗೆ ವರ್ಷಕ್ಕೆ ಲಕ್ಷಗಟ್ಟಲೆ ಕೇಳುತ್ತಾರೆ. ನನ್ನ ಹತ್ತಿರ ಇದ್ದದ್ದು ಎಸ್.ಪಿ. ರೋಡ್‌ನಲ್ಲಿ ಎಪ್ಪತ್ತು ಸಾವಿರದ ಆಸುಪಾಸಿಗೆ ತಂದ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್.

ಹಾಗಾಗಿ ಕಾಲವನ್ನು ಎರಡು ಭಾಗ ಮಾಡಿದೆ. ಮೊದಲು ಬರೀ ಏಳೆಂಟು ಸೈಕಲ್ ಇಂಪ್ಲಿಸಿಟ್ ಡೈನಾಮಿಕ್ಸ್, ಅಂದರೆ ದೊಡ್ಡ ಸ್ಟೆಪ್ ಇಡಬಹುದಾದ ವಿಧಾನ. ಅದರಿಂದ ಒತ್ತಡ ಎಲ್ಲಿ ಎಷ್ಟು, ಜಾರುವುದು ಎಷ್ಟು ಅನ್ನುವುದು ಸಿಗುತ್ತದೆ. ಆಂಪ್ಲಿಟ್ಯೂಡ್ (ಕಂಪನದಲ್ಲಿ ನಡುವಿನಿಂದ ಒಂದು ಬದಿಗೆ ಸರಿಯುವ ದೂರ) 20 ಮೈಕ್ರಾನ್ ಅಂದರೆ ಸರಾಸರಿ ಜಾರುವ ವೇಗ ಸೆಕೆಂಡ್‌ಗೆ 1.6 ಮೀಟರ್. ಘರ್ಷಣೆಯ ಗುಣಾಂಕ 0.3, ಒತ್ತುವ ಬಲ 1,500 ನ್ಯೂಟನ್ ಹಿಡಿದರೆ 720 ವಾಟ್. ಈ ಬಿಸಿಯನ್ನು ಸಾದಾ ಥರ್ಮಲ್ ಮಾಡೆಲ್‌ಗೆ ಹಾಕಿ, ಬಂದ ಉಷ್ಣತೆಯನ್ನು ಮತ್ತೆ ಮೆಕ್ಯಾನಿಕಲ್‌ಗೆ ಕೊಡುವುದು. ಇಷ್ಟೇ ಚಕ್ರ. ರಾತ್ರಿ ಬಿಟ್ಟರೆ ಬೆಳಿಗ್ಗೆ ಉತ್ತರ ಸಿದ್ಧ.

ಮೊದಮೊದಲು ಬಂದ ಉತ್ತರ 700 ಡಿಗ್ರಿ ದಾಟಿತ್ತು. ಅಲ್ಯೂಮಿನಿಯಂ ಕರಗುವುದೇ 660ಕ್ಕೆ. ತಾಮ್ರದ ಜೊತೆ ಸೇರಿದರೆ 548ಕ್ಕೇ ಕರಗಲು ಶುರು. ಪೀಸ್ ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕರಗಿದ ಗುರುತೇ ಇಲ್ಲ. ಹೆಚ್ಚಿನವರು ಇಲ್ಲಿಗೆ ಬಂದು ಕೈಬಿಡುತ್ತಾರೆ.

ಹಾರ್ನ್ (ಮೇಲಿಂದ ಒತ್ತಿ ಕಂಪಿಸುವ ಭಾಗ) ಮತ್ತು ಆನ್ವಿಲ್ (ಕೆಳಗೆ ಆಧಾರ ಕೊಡುವ ಭಾಗ) ಎಳೆದುಕೊಳ್ಳುವ ಬಿಸಿ ಬಹಳ ದೊಡ್ಡದು. ಅವೆರಡನ್ನೂ ಮಾಡೆಲ್‌ನಲ್ಲಿ ಕೂರಿಸಿದ ಮೇಲೆ ನೂರಾರು ಡಿಗ್ರಿ ಇಳಿಯಿತು. ಉಳಿದದ್ದು ಜಾರುವಿಕೆಯ ವಿಷಯ. ಬೆಸುಗೆ ಹಿಡಿಯುತ್ತಾ ಹೋದಂತೆ ಹಾಳೆಗಳ ನಡುವೆ ಜಾರುವುದು ಕಡಿಮೆಯಾಗುತ್ತದೆ. ಕೊನೆಯವರೆಗೂ ಒಂದೇ ಬಿಸಿ ಕೊಟ್ಟರೆ ಲೆಕ್ಕ ಕೂಡುವುದೇ ಇಲ್ಲ. ಕಂಪನಕ್ಕೆ ಪವರ್ ಕೊಡುವ ಜನರೇಟರ್‌ನ ಪವರ್ ಕರ್ವ್ ನಮ್ಮ ಕಣ್ಣೆದುರೇ ಇರುತ್ತದೆ ಅಲ್ವಾ? ಅದರ ಆಕಾರ ನೋಡಿ ಬಿಸಿಯನ್ನು ಏರಿಸಿ ಇಳಿಸುತ್ತೇನೆ. ಅದರ ಅಳತೆಯನ್ನು ಹಾಗೇ ತೆಗೆದುಕೊಳ್ಳಬೇಡಿ, ಅದರಲ್ಲಿ ಬೇರೆ ನಷ್ಟಗಳೂ ಸೇರಿರುತ್ತವೆ. ಉಷ್ಣತೆಗೆ ತಕ್ಕಂತೆ ಘರ್ಷಣೆ ಹೇಗೆ ಬದಲಾಗುತ್ತದೆ ಅನ್ನುವ ನನ್ನ ಟೇಬಲ್ ಮಾತ್ರ ಇಲ್ಲಿ ಕೊಡುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಉಷ್ಣತೆಯ ಅಳತೆಗೆ ಕೂದಲೆಳೆಯಂಥ ಕೆ-ಟೈಪ್ ಥರ್ಮೋಕಪಲ್ ವೈರ್ ಬೇಕೇ ಬೇಕು. ದಪ್ಪ ವೈರ್ ಏರುವಷ್ಟರಲ್ಲಿ ವೆಲ್ಡ್ ಮುಗಿದಿರುತ್ತದೆ. ವೆಲ್ಡ್‌ಗೊಂದು ವೈರ್ ಹೋಗುತ್ತದೆ, ಬರೀ ಅದಕ್ಕೇ ಹದಿನೈದು ಸಾವಿರದಷ್ಟು ಕೈಬಿಟ್ಟಿತು. ಐಆರ್ (ಉಷ್ಣತೆ ತೋರಿಸುವ) ಕ್ಯಾಮೆರಾ ಬಾಡಿಗೆಗೆ ತಂದರೆ ಅಂಚಿಗೆ ಮ್ಯಾಟ್ ಕಪ್ಪು ಪೇಂಟ್ ಹೊಡೆಯಿರಿ. ಹೊಳೆಯುವ ತಾಮ್ರ ಸುಮ್ನೆ ಕಡಿಮೆ ತೋರಿಸುತ್ತದೆ. ವೈರ್ 290ರ ಹತ್ತಿರ ತೋರಿಸಿತು, ಮಾಡೆಲ್ 305. ಈ ಬೆಲೆಗೆ ಇಷ್ಟು ಹತ್ತಿರ ತಂದವರನ್ನು ನಾನಂತೂ ನೋಡಿಲ್ಲ.

ಇದೇ ಮಾಡೆಲ್ ಇಟ್ಟುಕೊಂಡು ಇನ್ನೊಂದು ಕೆಲಸ ಮಾಡಿದೆ. ಒಬ್ಬ ಗ್ರಾಹಕರಿಗೆ ಎರಡನೇ ವೆಲ್ಡ್ ಹಾಕುವಾಗ ಪಕ್ಕದ ಮೊದಲನೇ ವೆಲ್ಡ್ ಬಿರುಕು ಬಿಡುತ್ತಿತ್ತು. ಅವರು ಪ್ರೆಶರ್ ಮೇಲೆ ಅನುಮಾನಪಟ್ಟು ಹಾರ್ನ್ ಕೂಡ ಬದಲಿಸಿದ್ದರು. ಬಿಸಿಯಿಂದ ಬರುವ ಸ್ಟ್ರೆಸ್ ನೋಡಿದೆ, ಬಿರುಕು ಬಿಡುವಷ್ಟು ಇರಲಿಲ್ಲ. ಮೋಡಲ್ ಲೆಕ್ಕ (ಭಾಗ ತಾನಾಗಿ ಯಾವ ಫ್ರೀಕ್ವೆನ್ಸಿಯಲ್ಲಿ ಕಂಪಿಸುತ್ತದೆ ಅನ್ನುವುದು) ಓಡಿಸಿದರೆ ಹೊರಚಾಚಿದ ಟ್ಯಾಬ್‌ನ ಒಂದು ಫ್ರೀಕ್ವೆನ್ಸಿ 20 ಕಿಲೋಹರ್ಟ್ಜ್ ಪಕ್ಕದಲ್ಲೇ ಕೂತಿತ್ತು. ಟ್ಯಾಬ್ ಎರಡು ಮೂರು ಮಿ.ಮೀ. ಕತ್ತರಿಸಲು ಹೇಳಿದೆ. ಬಿರುಕು ನಿಂತಿತು. ಮುಂದಿನ ಆರ್ಡರ್‌ಗೆ ಅವರು ಡ್ರಾಯಿಂಗ್ ಹಂತದಲ್ಲೇ ಫೋನ್ ಮಾಡಿದರು.